ಹಳೆಯ ವಿಜ್ಞಾನ ಕಥೆ ಭವಿಷ್ಯ ಹೇಳಿತ್ತಾ? ಪರೀಕ್ಷಿಸಿ ನೋಡುವ ಬಗೆ

"ವಿಡಿಯೋ ಕಾಲ್ ಬಗ್ಗೆ ನೂರು ವರ್ಷದ ಹಿಂದೆಯೇ ಬರೆದಿದ್ದರಂತೆ, ನಿಜಾನಾ ಮಿಸ್?" ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಇಂಥ ಪ್ರಶ್ನೆ ಆಗಾಗ ಬರುತ್ತದೆ. ಹೌದು ಅಂತಲೋ ಇಲ್ಲ ಅಂತಲೋ ಹೇಳಿ ಕಳಿಸುವುದು ನನಗಿಷ್ಟವಿಲ್ಲ. ಕಥೆಯನ್ನೇ ಓದಿಸಿ, ಜೊತೆಗೆ ಕೂತು ಪರೀಕ್ಷೆ ಮಾಡುತ್ತೇನೆ. ನೀವೂ ಮಾಡಬಹುದು. ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ಪುಟದ ಮೇಲ್ಭಾಗದಲ್ಲಿ ಕಥೆ ಅಚ್ಚಾದ ವರ್ಷ ಬರೆಯಿರಿ. ಅದರ ಕೆಳಗೆ ಆ ವರ್ಷ ಜಗತ್ತಿನಲ್ಲಿ ಆಗಲೇ ಏನೇನಿತ್ತು ಅಂತ ಪಟ್ಟಿ ಮಾಡಿ. ಮಕ್ಕಳು ಕೇಳಿದ ಆ ಕಥೆ ಇ. ಎಂ. ಫಾರ್ಸ್ಟರ್ ಅವರ 'ದಿ ಮೆಷಿನ್ ಸ್ಟಾಪ್ಸ್', 1909ರದ್ದು. ಆಗ ಟೆಲಿಫೋನ್ ಇತ್ತು, ಸಿನಿಮಾ ಇತ್ತು. ಲಂಡನ್ನಿನಲ್ಲಿ ದುಡ್ಡಿದ್ದವರು ಟೆಲಿಫೋನ್ ತಂತಿಯಲ್ಲೇ ಮನೆಯಲ್ಲಿ ಕೂತು ನಾಟಕ ಕೇಳುತ್ತಿದ್ದರು. ಮಾತು ತಂತಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಮುಖವೂ ಬಂದೀತು ಅಂತ ಊಹಿಸಲು ಜಾಣ ಲೇಖಕನಿಗೆ ದಿವ್ಯದೃಷ್ಟಿ ಬೇಕಿರಲಿಲ್ಲ. ಪಟ್ಟಿ ಮಾಡಿದ ಕೂಡಲೇ ಯಂತ್ರದ ಮೇಲಿನ ಬೆರಗು ಅರ್ಧ ಇಳಿಯುತ್ತದೆ. ಇಳಿಯಲಿ, ನೋಡಬೇಕಾದ್ದು ಬೇರೆ ಇದೆ.

ಈಗ ಯಂತ್ರಗಳನ್ನು ಪಕ್ಕಕ್ಕಿಟ್ಟು, ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನಷ್ಟೇ ಗುರುತು ಹಾಕಿಕೊಳ್ಳುತ್ತಾ ಇನ್ನೊಮ್ಮೆ ಓದಿ. ಫಾರ್ಸ್ಟರ್ ಕಥೆಯಲ್ಲಿ ವಾಶ್ಟಿ ಎಂಬ ತಾಯಿ ನೆಲದಡಿಯ ಒಂದು ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಅವಳಿಗೆ ಸಾವಿರಾರು ಜನರ ಪರಿಚಯವಿದೆ. ಭೂಮಿಯ ಇನ್ನೊಂದು ಕಡೆಯಿಂದ ಮಗ ಕರೆ ಮಾಡಿದರೆ, ಅವನಿಗೆ ಕೊಡಲು ಅವಳ ಹತ್ತಿರ ಐದು ನಿಮಿಷವಿದೆ. ಅಷ್ಟು ಹೊತ್ತು ಬೇರೆ ಕರೆಗಳನ್ನು ನಿಲ್ಲಿಸಿರುತ್ತಾಳೆ. ಮಾತು ಮುಗಿದು ಸ್ವಿಚ್ ಒತ್ತಿದ್ದೇ ತಡ, ಅಷ್ಟರಲ್ಲಿ ಗುಡ್ಡೆಬಿದ್ದ ಪ್ರಶ್ನೆಗಳೆಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಹೊಸ ಆಹಾರ ಹೇಗಿದೆ, ಏನಾದರೂ ವಿಚಾರ ಹೊಳೆಯಿತಾ ಅಂತ. ಅವಳು ಸಿಡಿಮಿಡಿಗುಟ್ಟುತ್ತಲೇ ಉತ್ತರ ಕೊಡುತ್ತಾಳೆ. ಮಗ ಕೇಳುವುದು ಒಂದೇ: ಯಂತ್ರದ ಮೂಲಕ ಬೇಡ, ನೀನೇ ಬಾ, ನಿನ್ನನ್ನು ನೋಡಬೇಕು. ಅದು ಅವಳಿಗೆ ಅರ್ಥವೇ ಆಗುವುದಿಲ್ಲ. ಈ ಸಿಡಿಮಿಡಿ 1909ರ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಅಲ್ವಾ? ನನ್ನ ಮಟ್ಟಿಗೆ ಫಾರ್ಸ್ಟರ್ ಮುಂದಿನದ್ದನ್ನು ಕಂಡದ್ದು ಇಲ್ಲಿ. ವಿಜ್ಞಾನ ಕಥೆ ಮುಂದಿನ ಯಂತ್ರಕ್ಕಿಂತ ಮುಂದಿನ ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಹಿಡಿಯುತ್ತದೆ ಅಂತ ನಾನು ನಂಬಿರುವುದು ಇಂಥ ಜಾಗಗಳಿಂದಲೇ.

ಮೂರನೆಯದು, ತಪ್ಪಿದ್ದನ್ನೂ ಬರೆದುಕೊಳ್ಳುವುದು. ಜೂಲ್ಸ್ ವರ್ನ್ 1865ರಲ್ಲೇ ತನ್ನ ಕಾದಂಬರಿಯಲ್ಲಿ ಫ್ಲೋರಿಡಾದಿಂದ ಮೂವರನ್ನು ಚಂದ್ರನ ಕಡೆ ಕಳಿಸಿದ, 1969ರಲ್ಲಿ ಅಪೊಲೊ 11 ಹೊರಟಿದ್ದೂ ಅಲ್ಲಿಂದಲೇ, ಮೂವರೇ ಅಂತ ಎಲ್ಲರೂ ಹೇಳುತ್ತಾರೆ. ಕಾರಣ ಕೇಳಿ ನೋಡಿ. ಚಂದ್ರ ನೆತ್ತಿಯ ಮೇಲೆ ಬರುವ ಜಾಗ ಬೇಕು ಅಂತ ವರ್ನ್ ದಕ್ಷಿಣದ ಫ್ಲೋರಿಡಾ ಆರಿಸಿದ. ನಾಸಾಕ್ಕೆ ಬೇಕಿದ್ದದ್ದು ಭೂಮಿಯ ಸುತ್ತುವಿಕೆಯ ವೇಗದ ಸಹಾಯ ಮತ್ತು ಪೂರ್ವಕ್ಕೆ ಖಾಲಿ ಸಮುದ್ರ. ರಾಜ್ಯ ಒಂದೇ, ಲೆಕ್ಕ ಬೇರೆ. ಇನ್ನು ಆ ಮೂವರನ್ನು ಹಾರಿಸಲು ಅವನು ಬಳಸಿದ 900 ಅಡಿ ಉದ್ದದ ಫಿರಂಗಿ. ಇದನ್ನು ನಾನು ಬೋರ್ಡಿನ ಮೇಲೆ ಮಾಡಿಸುತ್ತೇನೆ. 900 ಅಡಿ ಅಂದರೆ ಸುಮಾರು 274 ಮೀಟರ್. ಭೂಮಿಯ ಸೆಳೆತ ದಾಟಿ ಹೋಗಲು ಅಷ್ಟರೊಳಗೆ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು. ಪಾಠದಲ್ಲಿರುವ ಅದೇ ಸೂತ್ರ: ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ. ಬರುವ ವೇಗೋತ್ಕರ್ಷ ಗುರುತ್ವದ 20,000 ಪಟ್ಟಿಗೂ ಜಾಸ್ತಿ. ಒಳಗೆ ಕೂತವರು ಫಿರಂಗಿ ಬಾಯಿ ದಾಟುವ ಮೊದಲೇ ಸತ್ತಿರುತ್ತಾರೆ. ಲೆಕ್ಕ ಹಾಕಬಹುದಾದ ಕಡೆ ಲೆಕ್ಕ ಹಾಕಲೇಬೇಕು. ಸುಮ್ನೆ ತಲೆದೂಗಬೇಡಿ.

ಆಮೇಲೆ ಇದನ್ನು ಕೇಳಿ: ಕಥೆ ನಿಜವಾಯಿತೋ, ಇಲ್ಲಾ ಕಥೆ ಓದಿದವರೇ ಅದನ್ನು ನಿಜ ಮಾಡಿದರೋ? ಎಚ್. ಜಿ. ವೆಲ್ಸ್ 1914ರಲ್ಲಿ 'ದಿ ವರ್ಲ್ಡ್ ಸೆಟ್ ಫ್ರೀ' ಕಾದಂಬರಿಯಲ್ಲಿ ಪರಮಾಣು ಬಾಂಬ್ ಬಗ್ಗೆ ಬರೆದರು. ಅವರಿಗೆ ಆಧಾರವಾಗಿದ್ದು ರೇಡಿಯಂ ಬಗ್ಗೆ ಫ್ರೆಡರಿಕ್ ಸಾಡಿ ಬರೆದ ಪುಸ್ತಕ. ವೆಲ್ಸ್ ಕಾದಂಬರಿಯನ್ನು 1932ರಲ್ಲಿ ಓದಿದ ಭೌತವಿಜ್ಞಾನಿ ಲಿಯೋ ಸಿಲಾರ್ಡ್‌ಗೆ ಮರುವರ್ಷವೇ ಲಂಡನ್ನಿನಲ್ಲಿ ಸರಪಳಿ ಕ್ರಿಯೆಯ, ಅಂದರೆ ಒಂದು ಪರಮಾಣುವಿನ ಕ್ರಿಯೆ ಮುಂದಿನವುಗಳಲ್ಲೂ ಅದನ್ನೇ ಹುಟ್ಟಿಸುತ್ತಾ ಹೋಗುವ ವಿಚಾರ ಹೊಳೆಯಿತು. ಅದರ ಪೇಟೆಂಟ್ ಬಹಿರಂಗವಾಗದಿರಲಿ ಅಂತ ಅವರು ಅದನ್ನು ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿದರು. ಅದು ಎಂಥ ಅನಾಹುತ ತರಬಲ್ಲದು ಎಂಬ ಚಿತ್ರ ಕಾದಂಬರಿಯಿಂದಲೇ ಅವರ ತಲೆಯಲ್ಲಿತ್ತು. ಹೀಗಿರುವಾಗ ವೆಲ್ಸ್ ಭವಿಷ್ಯ ಹೇಳಿದರು ಅಂದರೆ ಪೂರ್ತಿ ಸರಿಯಾಗುವುದಿಲ್ಲ. ಭವಿಷ್ಯಕ್ಕೆ ಅವರದೂ ಒಂದು ಕೈ ಸೇರಿತ್ತು.

ಕೊನೆಗೆ, ಇದು ಊಹೆಯೋ ಬೇಡಿಕೆಯೋ ಅಂತ ವಿಂಗಡಿಸಿ. ಇದಕ್ಕೆ ನಾನು ಪ್ರತಿ ವರ್ಷ ಓದಿಸುವುದು ಬಂಗಾಳದ ಲೇಖಕಿ ಬೇಗಂ ರೊಕೇಯಾ ಅವರ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬಂದ ಕಥೆ. ಅಲ್ಲಿ ರಾಜ್ಯ ನಡೆಸುವವರು ಹೆಂಗಸರು, ಗಂಡಸರು ಪರದೆಯೊಳಗೆ. ಅಡುಗೆ ಸೂರ್ಯನ ಶಾಖದಲ್ಲಿ. ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನ್ ಕಟ್ಟಿದ್ದು ಹೆಂಗಸರ ವಿಶ್ವವಿದ್ಯಾಲಯ. ಸೋಲಾರ್ ಒಲೆಗೆ ಒಂದು ಟಿಕ್ ಹಾಕಿ ಮುಂದೆ ಹೋದರೆ ಕಥೆ ಕೈತಪ್ಪಿತು ಅಂತಲೇ ಅರ್ಥ. ಹೆಣ್ಣುಮಕ್ಕಳಿಗೆ ಓದು ಸಿಕ್ಕರೆ ರಾಜ್ಯ ಹೇಗಿರಬಹುದು ಅನ್ನುವುದೇ ಅದರ ಪ್ರಶ್ನೆ. ರೊಕೇಯಾ ಭವಿಷ್ಯ ಬರಲಿ ಅಂತ ಕಾಯಲಿಲ್ಲ. 1909ರಲ್ಲಿ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, 1911ರಲ್ಲಿ ಕಲ್ಕತ್ತದಲ್ಲಿ ಮತ್ತೆ ಶುರುಮಾಡಿದರು. ನನ್ನ ತರಗತಿಯ ಹುಡುಗಿಯರು ಇದನ್ನು ಕೇಳುವಾಗ ಅವರ ಮುಖ ನೋಡಬೇಕು!

ಇಷ್ಟು ಅಭ್ಯಾಸವಾದ ಮೇಲೆ ಒಂದು ಕಥೆಯನ್ನು ನೀವೇ ಪರೀಕ್ಷಿಸಿ. ಮರ್ರೆ ಲೀನ್‌ಸ್ಟರ್ 1946ರಲ್ಲಿ ಬರೆದ 'ಎ ಲಾಜಿಕ್ ನೇಮ್ಡ್ ಜೋ'. ಕೋಣೆ ತುಂಬುವ 30 ಟನ್ನಿನ ಎನಿಯಾಕ್ ಕಂಪ್ಯೂಟರನ್ನು ಜನರಿಗೆ ತೋರಿಸಿದ್ದು ಅದೇ ವರ್ಷ. ಕಥೆಯಲ್ಲಿ ಮನೆಮನೆಗೂ ಒಂದು ಯಂತ್ರವಿದೆ, ಎಲ್ಲವೂ ಒಂದಕ್ಕೊಂದು ಜೋಡಿಸಿವೆ. ಒಂದು ಯಂತ್ರ ಕೆಟ್ಟು, ಯಾರು ಏನೇ ಕೇಳಿದರೂ ಉತ್ತರ ಸಿಗುವಂತೆ ಮಾಡುತ್ತದೆ, ಬ್ಯಾಂಕ್ ದೋಚುವುದು ಹೇಗೆ ಅಂತ ಕೇಳಿದರೂ ಸಹ. ಎಲ್ಲವನ್ನೂ ಆಫ್ ಮಾಡೋಣ ಅಂದರೆ ಆಗುವುದಿಲ್ಲ, ಬದುಕು ಪೂರ್ತಿ ಅದರ ಮೇಲೆಯೇ ನಿಂತಿದೆ. 1946ರ ಪಟ್ಟಿ ಮಾಡಿ, ಜನರ ನಡವಳಿಕೆ ಗುರುತಿಸಿ, ತಪ್ಪಿದ್ದನ್ನು ಬರೆಯಿರಿ. ಮುಖ್ಯವಾಗಿ, ಆ ಆಫ್ ಮಾಡುವ ಮಾತು ಬಂದ ಜಾಗದಲ್ಲಿ ಓದು ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಬರೆದಿಟ್ಟು ಆಮೇಲೆ ಮುಂದೆ ಓದಿ.