ಒಂದು ಅಡುಗೆ, ನಾಲ್ಕು ಶನಿವಾರ

ಆರು ವರ್ಷದಿಂದ ನಮ್ಮ ಮನೆಯಲ್ಲಿ ಶನಿವಾರ ರಾತ್ರಿಯ ಅಡುಗೆ ನನ್ನದು. ಉಣ್ಣುವವರು ಐದು ಜನ: ಅಮ್ಮ, ಹೆಂಡತಿ, ಮಗಳು, ಮಗ ಮತ್ತು ನಾನು. ಅಮ್ಮ ಮಾಂಸ ತಿನ್ನುವುದಿಲ್ಲ. ಮಗನಿಗೆ ಖಾರ ಆಗುವುದಿಲ್ಲ. ಮಗಳಿಗೆ ಹೊಸದು ಏನಾದರೂ ಸರಿ, ಮೊದಲ ತುತ್ತು ಅವಳದ್ದೇ ಆಗಬೇಕು.

ಶುರುವಿನಲ್ಲಿ ವಾರಕ್ಕೊಂದು ದೇಶ ಅಂತ ಹೊರಟಿದ್ದೆ. ಈ ವಾರ ಇಟಲಿ, ಮುಂದಿನ ವಾರ ಥಾಯ್ಲೆಂಡ್, ಆಮೇಲೆ ಮೆಕ್ಸಿಕೊ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕಪಾಟಿನ ತುಂಬ ಅರ್ಧ ಖಾಲಿಯಾದ ಬಾಟಲಿಗಳು. ಒಂದು ಅಡುಗೆಯೂ ಕೈಗೆ ಕೂತಿರಲಿಲ್ಲ. ಒಂದು ದಿನ ಮಗಳು, "ಅಪ್ಪಾ, ಅವತ್ತು ಬೆಣ್ಣೆ ಹಾಕಿ ಮಾಡಿದ್ಯಲ್ಲ ಆ ಅನ್ನ, ಅದನ್ನೇ ಇನ್ನೊಂದ್ಸಲ ಮಾಡ್ತೀಯಾ?" ಅಂತ ಕೇಳಿದಳು. ಅವಳು ಹೇಳಿದ್ದು ರಿಸೊಟ್ಟೊ. ಮಾಡಿದೆ. ಮೊದಲ ಸಲದ ಹಾಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೂ ತಿಳಿಯಲಿಲ್ಲ. ಅದು ನನಗೆ ನಿಜಕ್ಕೂ ಬೇಸರ ತಂದಿತು.

ಆಮೇಲೆ ಕ್ರಮ ಬದಲಾಯಿಸಿದೆ. ಒಂದು ಅಡುಗೆ ಹಿಡಿದರೆ ನಾಲ್ಕು ಶನಿವಾರ ಅದನ್ನೇ ಮಾಡುವುದು. ಮೊದಲ ಸಲ ಅಳತೆ ಒಂದಿಷ್ಟೂ ತಪ್ಪಿಸದೆ. ಎರಡನೇ ಸಲವೂ ಹಾಗೇ, ಆದರೆ ಯಾವ ಹಂತದಲ್ಲಿ ಏನಾಗುತ್ತಿದೆ ಅಂತ ಬರೆದುಕೊಳ್ಳುತ್ತಾ. ಮೂರನೇ ಸಲ ಮನೆಯಲ್ಲಿ ಇರುವ ಸಾಮಾನಿನಲ್ಲಿ. ನಾಲ್ಕನೇ ಸಲ ಪುಸ್ತಕ ಮುಚ್ಚಿಟ್ಟು. ನಾಲ್ಕು ವಾರ ಒಂದೇ ಊಟ ಅಂದರೆ ಮನೆಯವರಿಗೆ ಬೇಜಾರಾಗುವುದಿಲ್ಲವೇ ಅಂತ ಕೇಳಬಹುದು. ವಾರಕ್ಕೆ ಒಂದೇ ಹೊತ್ತು ಅಲ್ವಾ, ಆಗಲಿಲ್ಲ. ಜೊತೆಗೆ ಎಲ್ಲರಿಗೂ ರೂಢಿಯಿರುವ ಒಂದು ಪದಾರ್ಥ ಮೇಜಿನ ಮೇಲೆ ಇದ್ದೇ ಇರುತ್ತದೆ. ಹೊಸದು ಹಿಡಿಸದವರು ಹಸಿದು ಏಳಬಾರದು.

ಹೀಗೆ ಮಾಡುತ್ತಾ ಒಂದು ವಿಷಯ ಮನದಟ್ಟಾಯಿತು. ಪ್ರತಿ ಅಡುಗೆಗೂ ಒಂದು ಕೀಲು ಇರುತ್ತದೆ. ಸಾಮಾನು ಬಹಳಷ್ಟು ಬದಲಾಯಿಸಬಹುದು. ಕೀಲನ್ನು ಮಾತ್ರ ಮುಟ್ಟಬಾರದು. ಅದು ಹೆಚ್ಚಾಗಿ ಒಂದು ಕೆಲಸ: ಉರಿ ಆರಿಸುವ ಹೊತ್ತು, ನೀರಿನ ಬಿಸಿ, ಬಾಣಲೆಗೆ ಒಂದು ಸಲಕ್ಕೆ ಎಷ್ಟು ಹಾಕುತ್ತೇವೆ ಅನ್ನುವುದು.

ರಿಸೊಟ್ಟೊ ತೆಗೆದುಕೊಳ್ಳಿ. ಉತ್ತರ ಇಟಲಿಯ ಅಡುಗೆ. ಆರ್ಬೋರಿಯೊ ಅಥವಾ ಕಾರ್ನರೋಲಿ ಅಕ್ಕಿ ಬೇಕು, ಎರಡೂ ಗಿಡ್ಡ ದಪ್ಪ ಕಾಳು. ಎರಡನೇ ಸಲ ಕೆಟ್ಟದ್ದಕ್ಕೆ ಕಾರಣ ಸಣ್ಣದು. ಅಭ್ಯಾಸಬಲದಿಂದ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದುಬಿಟ್ಟಿದ್ದೆ. ಆ ಅನ್ನಕ್ಕೆ ಕೆನೆಯಂಥ ಹದ ಬರುವುದೇ ಕಾಳಿನ ಮೇಲಿನ ಪಿಷ್ಟದಿಂದ. ಅದನ್ನು ತೊಳೆದು ಚೆಲ್ಲಿದರೆ ಇನ್ನೇನು ಉಳಿಯುತ್ತದೆ? ಅಕ್ಕಿಯನ್ನು ಬೆಣ್ಣೆಯಲ್ಲಿ ಒಣದಾಗಿಯೇ ಎರಡು ನಿಮಿಷ ಹುರಿಯಬೇಕು. ಪಕ್ಕದ ಒಲೆಯಲ್ಲಿ ತರಕಾರಿ ಬೇಯಿಸಿ ಸೋಸಿದ ನೀರು ಬಿಸಿಯಾಗಿರಬೇಕು. ಅದನ್ನು ಸೌಟು ಸೌಟಾಗಿ ಹಾಕುತ್ತಾ, ಕೈಯಾಡಿಸುತ್ತಾ, ಸುಮಾರು 18 ನಿಮಿಷ. ಕೊನೆಗೆ ಒಲೆಯಿಂದ ಇಳಿಸಿ, ತಣ್ಣಗಿರುವ ಬೆಣ್ಣೆಯ ತುಂಡು ಮತ್ತು ತುರಿದ ಪಾರ್ಮೆಸಾನ್ ಚೀಸ್ ಹಾಕಿ ಜೋರಾಗಿ ಕಲಸಬೇಕು. ತಟ್ಟೆ ಓರೆ ಮಾಡಿದರೆ ಅನ್ನ ಅಲೆಯ ಹಾಗೆ ಸರಿಯಬೇಕು. ಗುಡ್ಡೆಯಾಗಿ ನಿಂತರೆ ಗಟ್ಟಿಯಾಯಿತು ಅಂತ ಅರ್ಥ. ಅರ್ಧ ಸೌಟು ಬಿಸಿನೀರು ಸೇರಿಸಿ.

ಚೀಸ್ ಬಗ್ಗೆ ಒಂದು ಮಾತು. ಅಸಲಿ ಪಾರ್ಮೆಸಾನ್ ಮತ್ತು ಪೆಕೊರಿನೊ ರೊಮಾನೊ ಎರಡರಲ್ಲೂ ಹಾಲು ಒಡೆಸುವುದಕ್ಕೆ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಮ್ಮನ ಸಲುವಾಗಿ ನಾನು ಸೂಕ್ಷ್ಮಜೀವಿಯ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸ್ ತರುತ್ತೇನೆ. ಪೊಟ್ಟಣದ ಮೇಲೆ ಬರೆದಿರುತ್ತದೆ. ರುಚಿ ಸ್ವಲ್ಪ ಸಪ್ಪೆ, ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ.

ಕಾಚೊ ಎ ಪೆಪೆ ನನ್ನನ್ನು ಬಹಳ ಕಾಡಿತು. ರೋಮ್‌ನ ಅಡುಗೆ. ಪಾಸ್ಟಾ, ಪೆಕೊರಿನೊ, ಕಾಳುಮೆಣಸು, ಮೂರೇ ಸಾಮಾನು. ಸುಲಭ ಅಂದುಕೊಂಡು ಒಲೆಯ ಮೇಲಿದ್ದ ಬಾಣಲೆಗೇ ಚೀಸ್ ಸುರಿದೆ. ಕಣ್ಣ ಮುಂದೆಯೇ ಅದು ಮುದ್ದೆಗಟ್ಟಿ, ಸೌಟಿಗೆ ಅಂಟಿ, ದಾರ ದಾರವಾಗಿ ಎಳೆಯತೊಡಗಿತು. ಪಾಸ್ಟಾ ಒಂದು ಕಡೆ, ನೀರು ಒಂದು ಕಡೆ. ಹೆಂಡತಿ ಹಿಂದೆ ನಿಂತು, "ರೀ, ಮೊದ್ಲು ಒಲೆ ಆರ್ಸಿ" ಅಂದಳು. ಅಷ್ಟೇ ವಿಷಯ. ಬಿಸಿ ಸುಮಾರು 65 ಡಿಗ್ರಿ ದಾಟಿದರೆ ಚೀಸಿನ ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಪಾಸ್ಟಾ ಬೇಯಿಸಿದ ನೀರಿನ ಪಿಷ್ಟ ಆ ಗಂಟನ್ನು ತಡೆಯುತ್ತದೆ.

ಈಗ ಹೀಗೆ ಮಾಡುತ್ತೇನೆ. ನಾಲ್ಕು ಜನಕ್ಕೆ 400 ಗ್ರಾಂ ಸ್ಪಗೆಟ್ಟಿ, 200 ಗ್ರಾಂ ಚೀಸ್. ಬೇರೆ ಪಾಸ್ಟಾಗಳಿಗೆ 100 ಗ್ರಾಂಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು ಅನ್ನುವುದು ಇಟಲಿಯವರ ಲೆಕ್ಕ. ಇದಕ್ಕೆ ಮಾತ್ರ ಎರಡೇ ಲೀಟರ್ ನೀರು ಇಡುತ್ತೇನೆ, ನೀರು ಮಂದವಾಗಲಿ ಅಂತ. ಚೀಸಿನಲ್ಲೇ ಉಪ್ಪು ಜಾಸ್ತಿ, ಹಾಗಾಗಿ ನೀರಿಗೆ ಕಡಿಮೆ ಹಾಕಿದರೆ ಸಾಕು. ಮೆಣಸನ್ನು ಬರೀ ಬಾಣಲೆಯಲ್ಲಿ ಹುರಿದು ತರಿತರಿಯಾಗಿ ಕುಟ್ಟಬೇಕು. ಬೇಯಿಸಿದ ನೀರನ್ನು ಒಂದು ಬಟ್ಟಲಲ್ಲಿ ಎತ್ತಿಟ್ಟು, ಬೆರಳು ಅದ್ದಬಹುದಾದಷ್ಟು ಆರಿದ ಮೇಲೆ ಚೀಸಿಗೆ ಹಾಕಿ ಪೇಸ್ಟಿನ ಹಾಗೆ ಕಲಸಬೇಕು. ಪಾಸ್ಟಾ, ಮೆಣಸು, ಒಂದು ಸೌಟು ನೀರು ಬಾಣಲೆಯಲ್ಲಿ ಒಂದಾದ ಮೇಲೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಆಮೇಲೆ ಆ ಪೇಸ್ಟ್ ಹಾಕಿ. ಆ ಒಂದು ನಿಮಿಷ ಕೈಕಟ್ಟಿ ಸುಮ್ನೆ ನಿಲ್ಲುವುದೇ ಈ ಅಡುಗೆಯ ಕೀಲು.

ಬಾಣಲೆಯಲ್ಲಿ ಜೋರು ಉರಿಗೆ ಬಾಡಿಸುವ ಚೀನೀ ಅಡುಗೆಗಳಲ್ಲಿ ಮನೆಯವರು ಮಾಡುವ ತಪ್ಪು ಒಂದೇ. ಐದು ಜನಕ್ಕೆ ಬೇಕಾದ್ದನ್ನು ಒಟ್ಟಿಗೆ ಸುರಿಯುವುದು. ಬಾಣಲೆ ತಣ್ಣಗಾಗಿ, ತರಕಾರಿ ನೀರು ಬಿಟ್ಟು, ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮನೆಯ ಒಲೆಗೆ ಹೋಟೆಲಿನ ಉರಿ ಇಲ್ಲ. ಇಬ್ಬರಿಗಾಗುವಷ್ಟು ಮಾತ್ರ ಹಾಕಿ, ಮೂರು ಸಲ ಮಾಡಿ. ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ. ಅನ್ನ ಹುರಿಯುವುದಾದರೆ ಬೆಂದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಹೊರಗೇ ಗಂಟೆಗಟ್ಟಲೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಈ ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಥಾಯ್ ಹಸಿರು ಕರಿಯನ್ನು ಮಗನಿಗಾಗಿ ಮೆಣಸಿನಕಾಯಿ ತೀರಾ ಕಡಿಮೆ ಹಾಕಿ ರುಬ್ಬುತ್ತೇನೆ. ಮೀನಿನ ಸಾಸ್ ಬದಲು ಸೋಯಾ ಸಾಸ್. ಇಷ್ಟೆಲ್ಲ ಬದಲಾಯಿಸಿದರೂ ನಡೆಯುತ್ತದೆ. ಆದರೆ ಮೊದಲು ಗಟ್ಟಿ ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಆ ಎಣ್ಣೆಯಲ್ಲೇ ರುಬ್ಬಿದ ಮಸಾಲೆ ಹುರಿಯಬೇಕು. ಡಬ್ಬದ ಹಾಲು ಕೆಲವೊಮ್ಮೆ ಒಡೆಯುವುದೇ ಇಲ್ಲ, ಒಡೆಯದಿರಲಿ ಅಂತ ಅದಕ್ಕೆ ಏನಾದರೂ ಸೇರಿಸಿರುತ್ತಾರೆ. ಆಗ ಎರಡು ಚಮಚ ಎಣ್ಣೆ ನಾವೇ ಹಾಕಿದರಾಯಿತು.

ಅಮ್ಮನಿಗೆ ಇಷ್ಟವಾದದ್ದು ಮಿಸೊ ಅನ್ನುವ ಹುಳಿಬರಿಸಿದ ಸೋಯಾ ಪೇಸ್ಟ್ ಹಾಕಿ ಮಾಡುವ ಜಪಾನಿನ ಸೂಪ್. ನಾನು ಊಹಿಸಿಯೇ ಇರಲಿಲ್ಲ. ಅದರ ಬುಡ ದಾಶಿ ಅನ್ನುವ ತಿಳಿ ಸಾರ. ಸಾಮಾನ್ಯವಾಗಿ ಕೊಂಬು ಅನ್ನುವ ಒಣ ಕಡಲಪಾಚಿ ಮತ್ತು ಒಣಮೀನಿನ ಎಸಳು ಹಾಕುತ್ತಾರೆ. 1908ರಲ್ಲಿ ಟೋಕಿಯೊದ ಕಿಕುನೆ ಇಕೆಡಾ ಅನ್ನುವ ರಸಾಯನ ವಿಜ್ಞಾನಿ ಇದೇ ಕೊಂಬುವಿನಿಂದ ಅದರ ರುಚಿಗೆ ಕಾರಣವಾದ ಗ್ಲುಟಮೇಟ್ ಅನ್ನುವ ವಸ್ತು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟದ್ದು. ಮೀನಿನ ಬದಲು ನಾನು ಒಣ ಶಿಟಾಕೆ ಅಣಬೆ ಹಾಕುತ್ತೇನೆ. ಕೊಂಬು ಮತ್ತು ಶಿಟಾಕೆ ಸೇರಿದರೆ ರುಚಿ ಕೂಡುವುದಲ್ಲ, ಎಷ್ಟೋ ಪಟ್ಟು ಏರುತ್ತದೆ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಕೊಂಬು, ಮೂರು ನಾಲ್ಕು ಅಣಬೆ, ರಾತ್ರಿಯಿಡೀ ಫ್ರಿಜ್‌ನಲ್ಲಿ. ಬೆಳಗ್ಗೆ ಸಣ್ಣ ಉರಿಯಲ್ಲಿಟ್ಟು, ತಳದಲ್ಲಿ ಗುಳ್ಳೆ ಏಳುವ ಹೊತ್ತಿಗೆ ಕೊಂಬು ತೆಗೆದುಬಿಡಬೇಕು. ಕುದಿಸಿದರೆ ಲೋಳೆಯಾಗಿ ಕಹಿ ಬರುತ್ತದೆ. ಮಿಸೊ ಹಾಕುವುದು ಒಲೆ ಆರಿಸಿದ ಮೇಲೆ. ಅಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಸಿದಳು. ಎರಡು ಗುಟುಕು ಕುಡಿದಳು. "ಗಂಟಲಿಗೆ ಹಿತವಾಗಿದೆ ಕಣೋ, ಇದನ್ನ ಜ್ವರ ಬಂದಾಗ ಮಾಡಿಕೊಡು" ಅಂದಳು. ಈಗ ಜ್ವರ ಇಲ್ಲದಿದ್ದರೂ ಕೇಳುತ್ತಾಳೆ.

ಇನ್ನು ಟೋರ್ಟಿಯಾ, ಮೆಕ್ಸಿಕೊದ ಮೆಕ್ಕೆಜೋಳದ ರೊಟ್ಟಿ. ಇಲ್ಲಿ ಮಾತ್ರ ನನ್ನ ಸೂತ್ರ ತಲೆಕೆಳಗಾಯಿತು. ಮೆಕ್ಕೆಜೋಳದ ಹಿಟ್ಟು ತಾನೇ ಅಂತ ಸಾಮಾನ್ಯ ಹಿಟ್ಟಿಗೇ ಬಿಸಿನೀರು ಹಾಕಿ ನಾದಿದೆ. ಒತ್ತಿದರೆ ಅಂಚು ಬಿರುಕು, ಎತ್ತಿದರೆ ನಾಲ್ಕು ಚೂರು. ಮೂರು ಶನಿವಾರ ಹೀಗೇ ಆಯಿತು. ನೀರು ಹೆಚ್ಚು ಮಾಡಿದೆ, ಎಣ್ಣೆ ಸೇರಿಸಿದೆ, ಏನೂ ನಡೆಯಲಿಲ್ಲ. ಇದರ ಕೀಲು ನನ್ನ ಕೈಯಲ್ಲಿ ಇರಲೇ ಇಲ್ಲ. ಅದು ಹಿಟ್ಟು ಆಗುವುದಕ್ಕೂ ಮುಂಚೆಯೇ, ಕಾಳಿನ ಹಂತದಲ್ಲೇ ನಡೆಯಬೇಕಾದ ಕೆಲಸ.

ಮೆಕ್ಸಿಕೊ ಕಡೆಯ ಜನ ಮೂರು ಸಾವಿರಕ್ಕೂ ಹೆಚ್ಚು ವರ್ಷದಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾ ಬಂದಿದ್ದಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ: ಜೋಳದಲ್ಲಿ ಬಿಗಿದುಕೊಂಡಿರುವ ನಯಾಸಿನ್ ಅನ್ನುವ ವಿಟಮಿನ್ ಬಿಡಿಸಿಕೊಡುತ್ತದೆ. ಯುರೋಪಿಗೆ ಜೋಳ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಜೋಳವನ್ನೇ ನಂಬಿದ ಉತ್ತರ ಇಟಲಿಯ ಬಡವರಿಗೆ ನಯಾಸಿನ್ ಕೊರತೆಯ ಪೆಲಾಗ್ರ ರೋಗ ಬಂತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಹೀಗೇ ಆಯಿತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಆ ಹಿಟ್ಟಿನ ಡಬ್ಬವನ್ನೇ ನೋಡುತ್ತಾ ಕೂತೆ. ಒಂದು ಹಿಡಿ ಸುಣ್ಣ ಎಷ್ಟು ಜೀವ ಕಾಯುತ್ತಿತ್ತು ನೋಡಿ.

ಮಾಸಾ ಹರೀನಾ ಅನ್ನುವ, ಸುಣ್ಣದಲ್ಲಿ ಬೇಯಿಸಿಯೇ ಮಾಡಿದ ಹಿಟ್ಟು ಸಿಕ್ಕರೆ ಅದನ್ನೇ ತನ್ನಿ. ನಾನು ಮನೆಯಲ್ಲೇ ಮಾಡಿದೆ. 500 ಗ್ರಾಂ ಒಣ ಮೆಕ್ಕೆಜೋಳ, ಒಂದೂವರೆ ಲೀಟರ್ ನೀರು, 5 ಗ್ರಾಂ ಸುಣ್ಣ. ತಿನ್ನಲು ಯೋಗ್ಯವಾದ ಸುಣ್ಣವೇ ಆಗಬೇಕು, ಕಣ್ಣಿಗೆ ತಾಗಬಾರದು, ಅಲ್ಯೂಮಿನಿಯಂ ಪಾತ್ರೆ ಬೇಡ. ಮುಕ್ಕಾಲು ಗಂಟೆ ಸಣ್ಣಗೆ ಬೇಯಿಸಿ ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಗ್ಗೆ ಕಾಳು ಹಳದಿ ಬಣ್ಣಕ್ಕೆ ತಿರುಗಿತ್ತು, ಉಜ್ಜಿದರೆ ಸಿಪ್ಪೆ ಬೆರಳಿಗೆ ಜಾರಿ ಬರುತ್ತಿತ್ತು. ಚೆನ್ನಾಗಿ ತೊಳೆದು, ನೀರು ಆದಷ್ಟು ಕಡಿಮೆ ಹಾಕಿ ರುಬ್ಬಿದೆ. ಮಗಳು ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಭಾರದ ಪಾತ್ರೆಯಿಂದ ಒತ್ತಿದಳು. ಹಾಳೆ ಬಿಡಿಸಿದಳು. ಅಂಚು ಬಿರುಕು ಬಿಟ್ಟಿರಲಿಲ್ಲ. ಕಾದ ಕಾವಲಿಯ ಮೇಲೆ ಹಾಕಿ, ಒಂದು ಸಲ ಮಗುಚಿ, ಇನ್ನೊಂದು ಸಲ ಮಗುಚಿದಾಗ ನಡುವೆ ಗಾಳಿ ತುಂಬಿ ಮೆಲ್ಲಗೆ ಉಬ್ಬಿತು. ಅಡುಗೆಮನೆಯ ತುಂಬ ಜೋಳದ ಘಮ. "ಅಪ್ಪಾ, ಉಬ್ತು, ಉಬ್ತು!" ಅಂತ ಅವಳು ಕೂಗಿದ್ದಕ್ಕೆ ಮಗ ಓದುವುದು ಬಿಟ್ಟು ಓಡಿಬಂದ. ಮೊದಲ ಆರು ಟೋರ್ಟಿಯಾ ಒಲೆಯ ಮುಂದೆಯೇ ಖಾಲಿ, ಬರೀ ಉಪ್ಪು ಸವರಿಕೊಂಡು.

ಈಗ ಹಿಡಿದಿರುವುದು ಇಥಿಯೋಪಿಯಾದ ಇಂಜೆರಾ. ಟೆಫ್ ಅನ್ನುವ ಸಾಸಿವೆಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಮೂರು ದಿನ ಹುಳಿಬರಿಸಿ, ಅಗಲ ಕಾವಲಿಯ ಮೇಲೆ ತೆಳ್ಳಗೆ ಹೊಯ್ದು, ಮುಚ್ಚಿ, ಒಂದೇ ಬದಿ ಬೇಯಿಸುವುದು. ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಿಡಬೇಕು. ಹೋದ ಶನಿವಾರ ಹುಳಿ ಚೆನ್ನಾಗಿತ್ತು, ಕಣ್ಣು ಮಾತ್ರ ಬರಲಿಲ್ಲ. ಪುಸ್ತಕ ನೋಡಿದರೆ ಒಂದು ಹಂತ ಬಿಟ್ಟಿದ್ದೆ. ಹುಳಿಬಂದ ಹಿಟ್ಟಿನಲ್ಲಿ ಸ್ವಲ್ಪ ತೆಗೆದು, ನೀರು ಹಾಕಿ ಗಂಜಿಯ ಹಾಗೆ ಬೇಯಿಸಿ, ಆರಿಸಿ, ಮತ್ತೆ ಹಿಟ್ಟಿಗೇ ಸೇರಿಸಬೇಕು. ಅಬ್ಸಿತ್ ಅನ್ನುತ್ತಾರೆ. ಅವಸರದಲ್ಲಿ ಇಷ್ಟರಿಂದ ಏನಾದೀತು ಅಂತ ಹಾರಿಸಿಬಿಟ್ಟಿದ್ದೆ. ಈ ಸಲ ಗುರುವಾರವೇ ಹಿಟ್ಟು ಕಲಸಿಟ್ಟಿದ್ದೇನೆ. ಇವತ್ತು ಮುಚ್ಚಳ ತೆಗೆದಾಗ ಮೇಲೆ ತಿಳಿ ಹಳದಿ ನೀರು ನಿಂತಿತ್ತು, ಕಿವಿ ಹತ್ತಿರ ತಂದರೆ ಗುಳ್ಳೆ ಒಡೆಯುವ ಸದ್ದು. ಅಬ್ಸಿತ್‌ಗೆ ಪಾತ್ರೆ ತೊಳೆದಿಟ್ಟಿದ್ದೇನೆ.