ಸಣ್ಣ ನೀಲಿ ಚಿಟ್ಟೆ: ಗುರುತು ರೆಕ್ಕೆಯ ಅಡಿಯಲ್ಲಿದೆ

ಚಿತ್ರದುರ್ಗದ ಜೋಗಿಮಟ್ಟಿ, ಚಂದ್ರವಳ್ಳಿಯ ಹುಲ್ಲಲ್ಲಿ ಕಾಲಿನೆತ್ತರಕ್ಕೆ ಹಾರುವ ಈ ಚಿಟ್ಟೆಗಳಲ್ಲಿ ರೆಕ್ಕೆಯ ಮೇಲ್ಭಾಗದ ನೀಲಿಯನ್ನು ನಂಬಬೇಡಿ. ಸಾಮಾನ್ಯವಾಗಿ ಗಂಡಿಗೆ ನೀಲಿ, ಹೆಣ್ಣು ಬಹುಪಾಲು ಕಂದು; ಗ್ರಾಸ್ ಜ್ಯುವೆಲ್ ಎಂಬ ಚಿಟ್ಟೆಯಲ್ಲಿ ಎರಡೂ ಕಂದು. ರೆಕ್ಕೆ ಮಡಚಿ ಕೂತಾಗ ಕಾಣುವ ಅಡಿಭಾಗವೇ ಬೇಕು.

ಮೊದಲು ಹಿಂದಿನ ರೆಕ್ಕೆಯ ತುದಿಯಲ್ಲಿ ಬಾಲ ಇದೆಯೇ ನೋಡಿ. ಕೂದಲೆಳೆಯಂಥ ಬಾಲ, ಅಲೆಅಲೆ ಪಟ್ಟೆ, ಅಂಚಿನ ಒಳಗೆ ಅಗಲ ಬಿಳಿ ಪಟ್ಟಿ ಇದ್ದರೆ ಪೀ ಬ್ಲೂ. ಅವರೆ, ತೊಗರಿ ಹೂವಿನ ಹತ್ತಿರ ಹುಡುಕಿ. ಬಾಲ ಮುರಿದೂ ಹೋಗಿರುತ್ತದೆ, ಹಾಗಾಗಿ ಅದೊಂದನ್ನೇ ನೆಚ್ಚಬಾರದು. ಹಿಂದಿನ ರೆಕ್ಕೆಯ ಅಂಚಲ್ಲಿ ಕಿತ್ತಳೆ ಸುತ್ತಿದ ಮಿನುಗು ಚುಕ್ಕಿಗಳ ಸಾಲಿದ್ದರೆ ಗ್ರಾಸ್ ಜ್ಯುವೆಲ್.

ಕಷ್ಟ ಇರುವುದು ಪೇಲ್, ಡಾರ್ಕ್, ಲೆಸ್ಸರ್, ಟೈನಿ ಎಂಬ ನಾಲ್ಕು ಗ್ರಾಸ್ ಬ್ಲೂಗಳಲ್ಲಿ. ಮುಂದಿನ ರೆಕ್ಕೆಯ ಅಡಿಯ ನಡುಕೋಶದಲ್ಲಿ (ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಜಾಗ), ಬುಡಕ್ಕೂ ಕೋಶದ ತುದಿಯ ಗೆರೆಗೂ ಮಧ್ಯೆ, ಒಂದು ಚುಕ್ಕಿ ಇದ್ದರೆ ಪೇಲ್ ಅಥವಾ ಡಾರ್ಕ್. ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಟೈನಿಗೆ ಮುಂದಿನ ರೆಕ್ಕೆಯ ಅಡಿಭಾಗದ ಮುಂದಿನ ಅಂಚಿನಲ್ಲಿ ಎರಡು ಪುಟ್ಟ ಚುಕ್ಕಿ. ಹಿಂದಿನ ರೆಕ್ಕೆ ಈ ಚುಕ್ಕಿಗಳನ್ನು ಮುಚ್ಚಿದ್ದರೆ ಹೆಸರು ಹೇಳದಿರುವುದೇ ಲೇಸು.

ಫೋಟೊ ತೆಗೆಯಲು ಮುಂಗಾರು ಮುಗಿದ ಮೇಲೆ, ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ; ಮೈ ಕಾಯದ ಚಿಟ್ಟೆ ಬೇಗ ಏಳುವುದಿಲ್ಲ. ನೆರಳು ಅದರ ಮೇಲೆ ಬೀಳದಂತೆ ಮೊಣಕಾಲೂರಿ ಹತ್ತಿರ ಸರಿಯಿರಿ. ಲೆನ್ಸಿನ ಮುಖ ರೆಕ್ಕೆಗೆ ಸಮಾನಾಂತರವಾಗಿರಲಿ. ಓರೆಯಾದರೆ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೂ ಅರ್ಧ ರೆಕ್ಕೆ ಮಸುಕು. 100 ಎಂಎಂ ಮ್ಯಾಕ್ರೊ (ಹತ್ತಿರದ ಚಿತ್ರದ) ಲೆನ್ಸಿಗೆ ಎಫ್/8, ಶಟರ್ 1/500 ಸೆಕೆಂಡು; ಗಾಳಿಯಂತ್ರ ತಿರುಗುವ ಗುಡ್ಡದಲ್ಲಿ ಅದಕ್ಕಿಂತ ನಿಧಾನ ಬೇಡ, ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಮೊಬೈಲಲ್ಲಾದರೆ 2 ಪಟ್ಟು ಜೂಮ್ ಹಾಕಿ ದೂರದಿಂದಲೇ ತೆಗೆಯಿರಿ.