ಕಣ್ಣೆದುರಿಗೇ ಇರುವ ಫೋಟೋ ಹುಡುಕುವುದು ಹೇಗೆ?

ಮೊದಲು ವಸ್ತು ಹುಡುಕಬೇಡಿ, ಬೆಳಕು ಹುಡುಕಿ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಬೆಳಕು ಓರೆಯಾಗಿ ಬೀಳುತ್ತದೆ, ಆಗ ಗೋಡೆಯಲ್ಲಿ ಚಕ್ಕೆ ಎದ್ದ ಬಣ್ಣ, ಮರದ ತೊಗಟೆ, ಒಣಗಿದ ಎಲೆಯ ನರ ಎಲ್ಲಕ್ಕೂ ಸಣ್ಣ ಸಣ್ಣ ನೆರಳು ಮೂಡಿ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಅದೇ ಗೋಡೆ ಸಪ್ಪೆ. ಮೋಡ ಕವಿದರೆ ಬೇಜಾರು ಬೇಡ, ಹೂವಿಗೆ ಆ ಮೆತ್ತನೆ ಬೆಳಕೇ ವಾಸಿ.

ಎಲೆಯ ಹಿಂದಿನಿಂದ ಬಿಸಿಲು ಬರುವ ಹಾಗೆ ನಿಂತು ನೋಡಿ. ಎಲೆ ಕಪ್ಪಾಗಿ ಬಂದರೆ ಫೋನಿನ ಪರದೆಯಲ್ಲಿ ಅದರ ಮೇಲೇ ಒತ್ತಿ, ಬೆಳಕು ಸ್ವಲ್ಪ ಏರಿಸಿ.

ಆಮೇಲೆ ಹತ್ತಿರ ಹೋಗಿ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ಕಪ್ಪುಬಿಳುಪಿನಲ್ಲಿ ತೆಗೆದರು, ನೋಡಿದರೆ ತರಕಾರಿಯೋ ಮನುಷ್ಯನ ಬೆನ್ನೋ ಅಂತ ಅನುಮಾನ ಬರುತ್ತದೆ. ಅಡುಗೆಮನೆಯಲ್ಲೇ ಇಷ್ಟು ಸಿಗುವಾಗ ದೂರ ಹೋಗಬೇಕು ಅಂತೇನಿಲ್ಲ, ಅಲ್ವಾ?

ಬಟನ್ ಒತ್ತುವ ಮುಂಚೆ ಚೌಕಟ್ಟಿನ ನಾಲ್ಕೂ ಅಂಚು ನೋಡಿ. ಮೂಲೆಯಲ್ಲಿ ಇಣುಕುವ ತಂತಿ, ಅರ್ಧ ಚಪ್ಪಲಿ ಇವೇ ಜಾಸ್ತಿ ಫೋಟೋ ಕೆಡಿಸುವುದು. ಫಿಲ್ಟರ್ ಯೋಚನೆ ಆಮೇಲೆ ಇರಲಿ. (ನನ್ನ ಕೇಳಿದರೆ ಬೇಡವೇ ಬೇಡ.)

ಮಳೆ ನಿಂತ ಮೇಲೆ ರಸ್ತೆಯ ನೀರು ಬಿಡಬೇಡಿ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೀರಿನ ಹತ್ತಿರಕ್ಕೇ ಬರುತ್ತದೆ, ಪ್ರತಿಬಿಂಬ ದೊಡ್ಡದಾಗಿ ಸಿಗುತ್ತದೆ. ಫೋಕಸ್ ಮಾತ್ರ ನೀರಿನ ಮೇಲಲ್ಲ, ಪ್ರತಿಬಿಂಬದ ಮೇಲೆ ಇಡಿ.